ಕಲ್ಲಿಗೆ ಕಲ್ಲು ಗೀರಿ ನೋಡಿದ ಮೋಸ್

ಮಕ್ಕಳೇ, ಮಣಿಯುಂಗುರ ಮಾಡಲು ನಿಮಗೆ ಬರುತ್ತದೆಯೇ? ಬಾರದಿದ್ದರೆ ಈಗಲೇ ಕಲಿಯಬಹುದು. ಜಾತ್ರೆಯಲ್ಲೋ ಬಳೆ ಅಂಗಡಿಯಲ್ಲೋ ಸಿಗುವ ಸಣ್ಣ ಗಾಜಿನ ಮಣಿಗಳು ಸುಮಾರು 40 ಇರಲಿ. ತೆಳುವಾದ ನೈಲಾನ್ ದಾರ ಎರಡು ಮೊಳ ಸಾಕು. ದಾರದ ನಟ್ಟನಡುವೆ ನಾಲ್ಕು ಮಣಿ ಪೋಣಿಸಿ. ದಾರದ ಇನ್ನೊಂದು ತುದಿಯನ್ನು ನಾಲ್ಕನೆಯ ಮಣಿಯೊಳಗೆ ಎದುರು ದಿಕ್ಕಿನಿಂದ ತೂರಿಸಿ ಎಳೆಯಿರಿ. ನಾಲ್ಕು ಮಣಿಗಳ ಪುಟ್ಟ ಹೂವು ಆಯಿತಲ್ಲ! ಈಗ ಎಡ ತುದಿಗೆ ಒಂದು, ಬಲ ತುದಿಗೆ ಒಂದು ಮಣಿ ಹಾಕಿ. ಮೂರನೆಯ ಮಣಿಯೊಳಗೆ ಎರಡೂ ತುದಿಗಳನ್ನು ಎದುರುಬದುರಾಗಿ ತೂರಿಸಿ ಎಳೆಯಿರಿ. ಎರಡನೆಯ ಹೂವು ಸಿದ್ಧ. ಬೆರಳನ್ನು ಸುತ್ತಿ ಬರುವಷ್ಟು ಉದ್ದವಾಗುವವರೆಗೆ ಹೀಗೆಯೇ ಮುಂದುವರಿಸಿ. ಕೊನೆಯ ಸಲ ಮಾತ್ರ ಎಡಕ್ಕೊಂದು, ಬಲಕ್ಕೊಂದು ಮಣಿ ಹಾಕಿದ ಮೇಲೆ ಮೂರನೆಯ ಮಣಿ ಬೇಡ. ಮೊಟ್ಟಮೊದಲ ಹೂವಿನ ಆಚೆ ಅಂಚಿನ ಮಣಿಯೊಳಗೇ ಎರಡೂ ತುದಿಗಳನ್ನು ತೂರಿಸಿ ಗಂಟು ಹಾಕಿ. ಉಂಗುರ ತಯಾರು.

ಉಳಿದ ಮಣಿಗಳಲ್ಲಿ ನಾಲ್ಕೈದನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಎತ್ತಿಡಿ. ಉಂಗುರವನ್ನು ಒಂದು ತಿಂಗಳು ಹಾಕಿಕೊಳ್ಳಿ. ಮಣ್ಣಿನಲ್ಲಿ ಆಡಿ, ಪಾತ್ರೆ ತೊಳೆಯಿರಿ, ಗೋಡೆಗೆ ಕೈ ಉಜ್ಜಿಕೊಂಡು ಓಡಿ. ತಿಂಗಳಾದ ಮೇಲೆ ಪೊಟ್ಟಣ ಬಿಚ್ಚಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪೊಟ್ಟಣದ ಮಣಿ ಮಿರಮಿರ ಮಿಂಚುತ್ತದೆ. ಉಂಗುರದ ಮಣಿ ಸ್ವಲ್ಪ ಮಂಕಾಗಿರುತ್ತದೆ. ಭೂತಗನ್ನಡಿ ಇದ್ದರೆ ಅದರ ಮೈಮೇಲೆ ಕೂದಲೆಳೆಯಂಥ ಗೀರುಗಳೂ ಕಾಣುತ್ತವೆ.

ಗೀರಿದವರು ಯಾರು? ಗಾಜಿನ ಮಣಿಯನ್ನು ಉಗುರಿನಿಂದ ಎಷ್ಟು ಕೆರೆದರೂ ಏನೂ ಆಗುವುದಿಲ್ಲ. ಹಾಗಾದರೆ ಗಾಜಿಗಿಂತ ಗಟ್ಟಿಯಾದದ್ದು ಯಾವುದೋ ಅದಕ್ಕೆ ತಗುಲಿರಬೇಕು. ಯಾವುದು ಯಾವುದಕ್ಕಿಂತ ಗಟ್ಟಿ? ಇದನ್ನು ಹೇಳುವುದು ಹೇಗೆ? ಈ ಪ್ರಶ್ನೆಗೆ ಪ್ರಪಂಚವೆಲ್ಲ ಇಂದಿಗೂ ಬಳಸುವ ಒಂದು ಸರಳ ಉತ್ತರ ಕೊಟ್ಟವರು ಫ್ರೆಡ್ರಿಕ್ ಮೋಸ್. ಹೆಸರು ಕೇಳಿ ನಗಬೇಡಿ. ನಮ್ಮ ಮೋಸಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ! ಕಲ್ಲುಗಳ ಬಣ್ಣ ನೋಡಿ ಮೋಸಹೋಗದಂತೆ ದಾರಿ ತೋರಿಸಿದವರು ಅವರು.

ಮೋಸ್ ಹುಟ್ಟಿದ್ದು 1773ರ ಜನವರಿ 29ರಂದು, ಈಗಿನ ಜರ್ಮನಿಯ ಗೆರ್ನ್‌ರೋಡೆ ಎಂಬ ಊರಿನಲ್ಲಿ. ಹಾರ್ಜ್ ಎಂಬ ಬೆಟ್ಟಸಾಲಿನ ಅಂಚಿನಲ್ಲಿ ಆ ಊರಿದೆ. ನೂರಾರು ವರ್ಷಗಳಿಂದ ಬೆಳ್ಳಿ, ಸೀಸ, ತಾಮ್ರಗಳ ಗಣಿಗಾರಿಕೆ ನಡೆದ ಬೆಟ್ಟಗಳು ಅವು. ತಂದೆ ವ್ಯಾಪಾರಿ. ಹುಡುಗನೂ ಕೆಲವು ಕಾಲ ತಂದೆಯ ವ್ಯಾಪಾರದಲ್ಲಿ ಕೈಜೋಡಿಸಿದ. ಆದರೆ ಮನಸ್ಸೆಲ್ಲ ಓದಿನ ಕಡೆಗೆ. ಇಪ್ಪತ್ತು ದಾಟಿದ ಮೇಲೆ ಹಾಲೆ ನಗರದ ವಿಶ್ವವಿದ್ಯಾಲಯ ಸೇರಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಓದಿದ. ಅಲ್ಲಿಂದ ಫ್ರೈಬರ್ಗ್ ಎಂಬ ಊರಿನ ಗಣಿ ಶಾಲೆಗೆ ಹೋದ. ಆ ಕಾಲದಲ್ಲಿ ಗಣಿ ವಿದ್ಯೆ ಕಲಿಯಲು ಯುರೋಪಿನ ಮೂಲೆಮೂಲೆಗಳಿಂದ ತರುಣರು ಬರುತ್ತಿದ್ದ ಶಾಲೆ ಅದು.

ಫ್ರೈಬರ್ಗಿನಲ್ಲಿ ಮೋಸ್‌ಗೆ ಸಿಕ್ಕ ಗುರು ಅಬ್ರಹಾಂ ವೆರ್ನರ್. ಕಲ್ಲೊಂದನ್ನು ಕೈಗೆ ಕೊಟ್ಟರೆ ಅದರ ಬಣ್ಣ, ಹೊಳಪು, ತೂಕ, ಒಡೆದ ಜಾಗದ ಆಕಾರ, ಮುಟ್ಟಿದರೆ ತಣ್ಣಗಿದೆಯೋ ಜಿಡ್ಡಾಗಿದೆಯೋ, ಇವೆಲ್ಲವನ್ನೂ ಹೇಳಿ ಇದು ಇಂಥದೇ ಖನಿಜ ಎಂದು ಗುರುತಿಸುವುದನ್ನು ವೆರ್ನರ್ ಕಲಿಸುತ್ತಿದ್ದರು. ಪ್ರಯೋಗಶಾಲೆಯೇ ಬೇಡ! ಗಣಿಯ ಕತ್ತಲಿನಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ಉಪಯೋಗದ ವಿದ್ಯೆ ಯಾವುದಿದೆ? ಆದರೆ ಒಂದು ಕಡೆ ಅದು ಮುಗ್ಗರಿಸುತ್ತಿತ್ತು. ಗಡಸುತನವನ್ನು ಹೇಳಬೇಕಾದಾಗ ಗಟ್ಟಿ, ಅರೆಗಟ್ಟಿ, ಮೆದು, ಬಲು ಮೆದು ಎಂಬಂಥ ಪದಗಳಷ್ಟೇ ಇದ್ದವು. ನನಗೆ ಅರೆಗಟ್ಟಿ ಎನಿಸಿದ್ದು ನಿಮಗೆ ಮೆದು ಎನಿಸಬಹುದು. ನಿಮ್ಮ ತರಗತಿಯಲ್ಲಿ ಬಿಸಿನೀರಿನ ಲೋಟ ಕೊಟ್ಟು ಎಷ್ಟು ಬಿಸಿ ಎಂದು ಹತ್ತು ಜನರನ್ನು ಕೇಳಿ ನೋಡಿ, ಎಷ್ಟು ಬಗೆಯ ಉತ್ತರ ಬರುತ್ತದೋ!

ಓದು ಮುಗಿದ ಮೇಲೆ ಮೋಸ್ 1801ರಲ್ಲಿ ಹಾರ್ಜ್ ಬೆಟ್ಟಗಳ ಒಂದು ಗಣಿಯಲ್ಲಿ ಮೇಸ್ತ್ರಿಯಾದರು. ಮರುವರ್ಷವೇ ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾಕ್ಕೆ ಹೊರಟರು. ಅಲ್ಲಿ ವಾನ್ ಡೆರ್ ನ್ಯುಲ್ ಎಂಬ ಬ್ಯಾಂಕಿನ ಒಡೆಯರಿದ್ದರು. ಅವರಿಗೆ ಖನಿಜಗಳನ್ನು ಕೂಡಿಡುವ ಹುಚ್ಚು. ನೀವು ಗೋಲಿ, ಅಂಚೆಚೀಟಿ ಕೂಡಿಡುವುದಿಲ್ಲವೇ, ಹಾಗೆ. ಅವರ ಸಂಗ್ರಹ ಮಾತ್ರ ಬಹಳ ದೊಡ್ಡದು. ಅದಕ್ಕೊಂದು ಕ್ರಮವಾದ ಪಟ್ಟಿ ಬೇಕಾಗಿತ್ತು. ಆ ಕೆಲಸ ಮೋಸ್ ಅವರ ಪಾಲಿಗೆ ಬಂತು.

ಆ ಕೆಲಸದ ಕಷ್ಟ ಏನೆಂದು ಯೋಚಿಸಿ. ಪೆಟ್ಟಿಗೆಯಲ್ಲಿ ಬಿಳಿಯ ಹೊಳೆಯುವ ಹರಳುಗಳಿವೆ. ಒಂದು ಬೆಣಚುಕಲ್ಲು, ಒಂದು ಕ್ಯಾಲ್ಸೈಟ್, ಇನ್ನೊಂದು ಜಿಪ್ಸಮ್. ನೋಡಲು ಮೂರೂ ಒಂದೇ ತರಹ ಇರಬಹುದು. ಅದೇ ಬೆಣಚುಕಲ್ಲು ಇನ್ನೊಂದು ಪೆಟ್ಟಿಗೆಯಲ್ಲಿ ನೇರಳೆಯಾಗಿ, ಮತ್ತೊಂದರಲ್ಲಿ ಗುಲಾಬಿಯಾಗಿ, ಮಗದೊಂದರಲ್ಲಿ ಹೊಗೆಯ ಬಣ್ಣದಲ್ಲಿ ಕುಳಿತಿರುತ್ತದೆ. ಆಮ್ಲ ಸುರಿದೋ ಬೆಂಕಿಗಿಟ್ಟೋ ಪರೀಕ್ಷಿಸೋಣ ಎಂದರೆ ಒಡೆಯರ ಅಂದದ ಹರಳು ಹಾಳಾಗುತ್ತದೆ. ಬಣ್ಣವನ್ನು ನಂಬುವಂತಿಲ್ಲ, ಹರಳನ್ನು ಕೆಡಿಸುವಂತೆಯೂ ಇಲ್ಲ. ಒಂದು ಚಿಕ್ಕ ಗೀರಾದರೆ ಯಾರಿಗೂ ನಷ್ಟವಿಲ್ಲ. ಬೆಣಚುಕಲ್ಲಿನ ಬಣ್ಣ ಯಾವುದೇ ಇರಲಿ, ಅದು ಗಾಜನ್ನು ಗೀರಿಯೇ ತೀರುತ್ತದೆ. ಜಿಪ್ಸಮ್ಮನ್ನು ಉಗುರು ಗೀರುತ್ತದೆ. 1804ರಲ್ಲಿ ಮೋಸ್ ಬರೆದ ಪಟ್ಟಿ ಪುಸ್ತಕವಾಗಿ ಅಚ್ಚಾಯಿತು.

1811ರಲ್ಲಿ ಆಸ್ಟ್ರಿಯಾದ ರಾಜಕುಮಾರ ಯೋಹಾನ್ ಗ್ರಾಜ್ ನಗರದಲ್ಲಿ ಯೋಹಾನಿಯಂ ಎಂಬ ವಿದ್ಯಾಸಂಸ್ಥೆ ತೆರೆದರು. ವಸ್ತುಸಂಗ್ರಹಾಲಯವೂ ಪಾಠಶಾಲೆಯೂ ಒಂದೇ ಸೂರಿನಡಿ ಇದ್ದ ಜಾಗ ಅದು. ಮರುವರ್ಷ ಮೋಸ್ ಅಲ್ಲಿ ಪ್ರಾಧ್ಯಾಪಕರಾದರು. ಗಡಸುತನದ ಸಾಲು ರೂಪುಗೊಂಡದ್ದು ಇಲ್ಲಿಯೇ.

ಮೋಸ್ ಮಾಡಿದ್ದು ಇಷ್ಟೆ. ಹತ್ತು ಖನಿಜಗಳನ್ನು ಆರಿಸಿದರು. ಸಾಲಿನಲ್ಲಿ ಪ್ರತಿಯೊಂದೂ ತನ್ನ ಹಿಂದಿನದನ್ನು ಗೀರಬೇಕು, ತನ್ನ ಮುಂದಿನದರಿಂದ ಗೀರಿಸಿಕೊಳ್ಳಬೇಕು. ಹಾಗೆ ನಿಲ್ಲಿಸಿ 1ರಿಂದ 10ರವರೆಗೆ ಸಂಖ್ಯೆ ಕೊಟ್ಟರು. ಗಟ್ಟಿ, ಅರೆಗಟ್ಟಿ ಎಂಬ ಗೊಂದಲ ಅಲ್ಲಿಗೆ ಮುಗಿಯಿತು.

ಈ ಹತ್ತರಲ್ಲಿ ಹಲವು ನಿಮ್ಮ ಸುತ್ತಲೇ ಇವೆ. ಒಂದನೆಯದು ಟಾಲ್ಕ್. ಸ್ಲೇಟಿನ ಮೇಲೆ ಬರೆಯುವ ಬಳಪದ ಕಲ್ಲಿನಲ್ಲಿ ಇರುವುದು ಮುಖ್ಯವಾಗಿ ಇದೇ. ಬೇಲೂರು, ಹಳೇಬೀಡಿನ ದೇವಾಲಯಗಳ ಕಲ್ಲನ್ನೂ ಜನ ಬಳಪದ ಕಲ್ಲು ಎಂದೇ ಕರೆಯುತ್ತಾರೆ. ಅಲ್ಲಿನ ಶಿಲ್ಪಿಗಳು ಕಲ್ಲಿನಲ್ಲಿ ಅಷ್ಟು ನವಿರಾದ ಮಣಿಸರ, ಉಂಗುರಗಳನ್ನು ಕೊರೆಯಲು ಸಾಧ್ಯವಾದದ್ದು ಆ ಕಲ್ಲು ಮೆದುವಾದ್ದರಿಂದ. ಎರಡನೆಯದು ಜಿಪ್ಸಮ್. ಕಪ್ಪುಹಲಗೆಯ ಸೀಮೆಸುಣ್ಣವನ್ನು ಸಾಮಾನ್ಯವಾಗಿ ಇದರಿಂದ ಮಾಡುತ್ತಾರೆ. ಮೂರನೆಯದು ಕ್ಯಾಲ್ಸೈಟ್, ಅಮೃತಶಿಲೆಯಲ್ಲಿ ಇರುವಂಥದು. ನಾಲ್ಕನೆಯದು ಫ್ಲೋರೈಟ್. ಐದನೆಯದು ಅಪಟೈಟ್. ಇದು ಎಲ್ಲಿದೆ ಗೊತ್ತೇ? ನಿಮ್ಮ ಬಾಯಲ್ಲಿ! ಹಲ್ಲಿನ ಹೊರಪದರ ಇದೇ ಜಾತಿಯ ಖನಿಜದಿಂದ ಆಗಿದೆ. ಆರನೆಯದು ಫೆಲ್ಡ್‌ಸ್ಪಾರ್, ಗ್ರಾನೈಟ್ ಕಲ್ಲಿನಲ್ಲಿ ಗುಲಾಬಿಯಾಗಿಯೋ ಬಿಳಿಯಾಗಿಯೋ ಕಾಣುವ ಕಾಳು. ಏಳನೆಯದು ಬೆಣಚುಕಲ್ಲು. ಹೊಳೆಯ ಮರಳಿನಲ್ಲಿ ಹೆಚ್ಚು ಪಾಲು ಅದರದೇ ಪುಡಿ. ಎಂಟನೆಯದು ಟೋಪಾಜ್ ಎಂಬ ರತ್ನ. ಒಂಬತ್ತನೆಯದು ಕೊರಂಡಮ್. ಕೆಂಪಾದರೆ ಅದು ಮಾಣಿಕ್ಯ, ನೀಲಿಯಾದರೆ ನೀಲಮಣಿ. ಕೊರಂಡಮ್ ಎಂಬ ಹೆಸರು ಬಂದದ್ದು ತಮಿಳಿನ ಕುರುಂದಂ ಎಂಬ ಪದದಿಂದ. ದಕ್ಷಿಣ ಭಾರತದ ಮಾತೊಂದು ಪ್ರಪಂಚದ ವಿಜ್ಞಾನಿಗಳ ನಾಲಗೆಯ ಮೇಲೆ ಕುಳಿತಿದೆ ನೋಡಿ. ಹತ್ತನೆಯದು ವಜ್ರ.

ಸಾಲಿನಲ್ಲಿ ಇಲ್ಲದ ವಸ್ತುಗಳಿಗೂ ಇದರಿಂದಲೇ ಜಾಗ ಸಿಗುತ್ತದೆ. ಉಗುರು ಜಿಪ್ಸಮ್ಮನ್ನು ಗೀರುತ್ತದೆ, ಕ್ಯಾಲ್ಸೈಟನ್ನು ಗೀರಲಾರದು. ಆದ್ದರಿಂದ ಅದರ ಗಡಸುತನ ಎರಡಕ್ಕೂ ಮೂರಕ್ಕೂ ನಡುವೆ, ಸುಮಾರು ಎರಡೂವರೆ. ತಾಮ್ರದ್ದು ಸುಮಾರು 3. ಸಾಮಾನ್ಯ ಗಾಜಿನದು ಸುಮಾರು ಐದೂವರೆ. ಈಗ ನಿಮ್ಮ ಉಂಗುರವನ್ನು ಗೀರಿದವರು ಸಿಕ್ಕಿಬಿದ್ದರು! ನಾವು ಮುಟ್ಟುವ ಧೂಳು, ಮಣ್ಣು, ಗೋಡೆಯ ಗಾರೆ ಎಲ್ಲದರಲ್ಲೂ ಬೆಣಚುಕಲ್ಲಿನ ಸಣ್ಣ ಕಣಗಳಿವೆ. ಅವುಗಳ ಅಂಕ 7. ಗಾಜಿನ ಮಣಿ ಅವುಗಳ ಮುಂದೆ ಸೋಲಲೇಬೇಕು.

ಹರಪ್ಪ ಕಾಲದ ಮಣಿಗಾರರು ಕೆಂಪು ಕಾರ್ನೀಲಿಯನ್ ಕಲ್ಲಿನ ಮಣಿಗಳನ್ನು ಮಾಡುತ್ತಿದ್ದರು. ಗುಜರಾತಿನ ಲೋಥಲ್‌ನಲ್ಲಿ ಅಂಥ ಮಣಿಗಳ ಕಾರ್ಖಾನೆಯ ಕುರುಹುಗಳೇ ಸಿಕ್ಕಿವೆ. ಕಾರ್ನೀಲಿಯನ್ ಬೆಣಚುಕಲ್ಲಿನದೇ ಒಂದು ಬಗೆ. ಧೂಳಿನ ಅಂಕವೂ ಅದರ ಅಂಕವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ 4000 ವರ್ಷ ಮಣ್ಣಿನಲ್ಲಿ ಬಿದ್ದಿದ್ದರೂ ಎಷ್ಟೋ ಮಣಿಗಳು ಇನ್ನೂ ಹೊಳೆಯುತ್ತವೆ. ಅಂಥ ಕಲ್ಲಿಗೆ ತೂತು ಕೊರೆಯಲು ಆ ಮಣಿಗಾರರು ಪಟ್ಟ ಪಾಡು ಎಷ್ಟಿರಬೇಕು!

ಮೋಸ್ ಬರಿದೇ ಗೀರಿ ನೋಡಿ ಸುಮ್ಮನಾಗುತ್ತಿರಲಿಲ್ಲ. ಬಡಗಿ, ಕಮ್ಮಾರರ ಬಳಿ ಇರುವ ಉಕ್ಕಿನ ಅರ ನೋಡಿದ್ದೀರಲ್ಲ? ನುಣುಪಾದ ಹಲ್ಲಿನ ಅಂಥ ಅರದ ಮೇಲೆ ಎರಡು ಖನಿಜಗಳನ್ನು ಒಂದೇ ಸಮನಾಗಿ ಉಜ್ಜಿ, ಯಾವುದು ಹೆಚ್ಚು ಪುಡಿ ಬಿಡುತ್ತದೆ, ಉಜ್ಜುವಾಗ ಸದ್ದು ಹೇಗಿದೆ, ಕೈಗೆ ಎಷ್ಟು ತಡೆ ಸಿಗುತ್ತದೆ ಎಂದು ಹೋಲಿಸುತ್ತಿದ್ದರು. ಮೆದು ಖನಿಜ ಹೆಚ್ಚು ಪುಡಿ ಬಿಡುತ್ತದೆ, ಸದ್ದು ಕಡಿಮೆ. ಗಟ್ಟಿ ಖನಿಜ ಕಿರುಗುಟ್ಟುತ್ತದೆ.

ಒಂದು ವಿಷಯದಲ್ಲಿ ಮಾತ್ರ ಜೋಕೆ. ಮೋಸ್ ಸಾಲಿನ ಅಂಕಗಳು ಅಳತೆಪಟ್ಟಿಯ ಸೆಂಟಿಮೀಟರುಗಳಂತೆ ಅಲ್ಲ. ಓಟದ ಪಂದ್ಯದಲ್ಲಿ ಮೊದಲನೆಯವರು, ಎರಡನೆಯವರು ಎಂದು ಹೇಳಿದಂತೆ. ಮೊದಲನೆಯವರು ಎರಡನೆಯವರಿಗಿಂತ ಎಷ್ಟು ಮುಂದಿದ್ದರು ಎಂಬುದು ಅದರಿಂದ ತಿಳಿಯುವುದಿಲ್ಲ. ಕೊರಂಡಮ್ 9, ವಜ್ರ 10. ಒಂದೇ ಅಂಕದ ಅಂತರ ಎಂದುಕೊಳ್ಳಬೇಡಿ. ಯಂತ್ರಗಳಿಂದ ಅಳೆದಾಗ ವಜ್ರ ಕೊರಂಡಮ್‌ಗಿಂತ ಸುಮಾರು ನಾಲ್ಕು ಪಟ್ಟು ಗಡಸು ಎಂದು ಕಂಡಿದೆ. ಇನ್ನೂ ಒಂದು ಮಾತು. ಗೀರಿಸಿಕೊಳ್ಳದಿರುವುದು ಬೇರೆ, ಒಡೆಯದಿರುವುದು ಬೇರೆ. ವಜ್ರವನ್ನು ಯಾವ ಖನಿಜವೂ ಸುಲಭವಾಗಿ ಗೀರಲಾರದು ನಿಜ, ಆದರೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಅದು ಚೂರಾಗುತ್ತದೆ. ಅಷ್ಟೇ ಬಲವಾಗಿ ರಬ್ಬರಿನ ತುಂಡಿಗೆ ಹೊಡೆಯಿರಿ, ಏನೂ ಆಗುವುದಿಲ್ಲ.

1817ರಲ್ಲಿ ಗುರು ವೆರ್ನರ್ ತೀರಿಕೊಂಡರು. ಮರುವರ್ಷ ಫ್ರೈಬರ್ಗಿನಲ್ಲಿ ಗುರು ಕುಳಿತಿದ್ದ ಪೀಠಕ್ಕೆ ಶಿಷ್ಯ ಮೋಸ್ ಬಂದರು. 1822ರಿಂದ ಅವರ ದೊಡ್ಡ ಗ್ರಂಥ ಹೊರಬರತೊಡಗಿತು. ಹತ್ತು ಖನಿಜಗಳ ಸಾಲು ಅದರಲ್ಲಿತ್ತು. ಅವರ ಶಿಷ್ಯ ಹೈಡಿಂಗರ್ ಅದನ್ನು ಇಂಗ್ಲಿಷಿಗೆ ತಂದರು. 1825ರಲ್ಲಿ ಅದು ಎಡಿನ್‌ಬರೊದಲ್ಲಿ ಅಚ್ಚಾಯಿತು.

ಆದರೆ ಆ ಗ್ರಂಥ ಬರೆದದ್ದು ಈ ಸಾಲಿಗಾಗಿ ಅಲ್ಲ! ಮೋಸ್ ಅವರ ಆಸೆ ಬಹಳ ದೊಡ್ಡದಿತ್ತು. ಲಿನೇಯಸ್ ಗಿಡಗಳನ್ನು ಕುಲ, ಜಾತಿ ಎಂದು ವಿಂಗಡಿಸಿದಂತೆ ಭೂಮಿಯ ಎಲ್ಲ ಖನಿಜಗಳನ್ನೂ ವಿಂಗಡಿಸಬೇಕು, ಅದೂ ಹರಳಿನ ಆಕಾರ, ಗಡಸುತನ, ತೂಕ ಇಂಥ ಹೊರಗುಣಗಳನ್ನು ಮಾತ್ರ ನೋಡಿ. ಒಳಗೆ ಏನೇನು ಧಾತು ಇದೆ ಎಂಬ ರಸಾಯನವಿಜ್ಞಾನಿಗಳ ಲೆಕ್ಕ ಅವರಿಗೆ ಬೇಡವಾಗಿತ್ತು. ಗಾಳಿ, ನೀರುಗಳನ್ನೂ ಅವರು ಖನಿಜಗಳ ಪಟ್ಟಿಗೇ ಸೇರಿಸಿಬಿಟ್ಟರು. ಅದೇ ಹೊತ್ತಿನಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದಿದ್ದರು. ಖನಿಜಗಳನ್ನು ಅವುಗಳ ಒಳಗಿನ ಧಾತುಗಳ ಪ್ರಕಾರವೇ ವಿಂಗಡಿಸಬೇಕು ಎಂಬುದು ಅವರ ಪಟ್ಟು.

ಯಾರ ದಾರಿ ಸರಿ? ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನೂ ವಜ್ರವನ್ನೂ ನೋಡಿ. ಎರಡೂ ಶುದ್ಧ ಇಂಗಾಲ. ಒಂದು ಕಾಗದದ ಮೇಲೆ ಸವೆಯುವಷ್ಟು ಮೆದು, ಇನ್ನೊಂದು ಸಾಲಿನ ತುದಿಯಲ್ಲಿ ನಿಂತದ್ದು. ಬರೀ ಧಾತು ನೋಡಿದರೆ ಎರಡೂ ಒಂದೇ ಎನ್ನಬೇಕಾಗುತ್ತದೆ. ಬರೀ ಹೊರಗುಣ ನೋಡಿದರೆ ಅವುಗಳ ನೆಂಟಸ್ತಿಕೆಯೇ ತಿಳಿಯುವುದಿಲ್ಲ. ಈಗಿನ ಖನಿಜವಿಜ್ಞಾನ ಎರಡನ್ನೂ ಬಳಸುತ್ತದೆ, ಧಾತುಗಳನ್ನೂ, ಅವು ಹರಳಿನೊಳಗೆ ಜೋಡಿಸಿಕೊಂಡ ರೀತಿಯನ್ನೂ. ಮೋಸ್ ಅವರ ಇಡೀ ವಿಂಗಡಣೆಯನ್ನು ಮಾತ್ರ ವಿಜ್ಞಾನಿಗಳು ಕೈಬಿಟ್ಟರು. ಅಮೆರಿಕದ ಡೇನಾ 1837ರಲ್ಲಿ ಬರೆದ ಹೆಸರಾಂತ ಖನಿಜಶಾಸ್ತ್ರ ಗ್ರಂಥ ಮೋಸ್ ದಾರಿಯಲ್ಲೇ ಇತ್ತು. 1850ರಲ್ಲಿ ಅವರೇ ಅದನ್ನು ಬದಲಿಸಿ ರಾಸಾಯನಿಕ ದಾರಿಗೆ ಬಂದರು. ಹರಳುಗಳ ಆಕಾರದ ಬಗ್ಗೆ ಮೋಸ್ ಮಾಡಿದ ಕೆಲಸವೂ ದೊಡ್ಡದೇ. ಆದರೆ ಅದನ್ನು ಮೊದಲು ಮಾಡಿದವರು ಯಾರು ಎಂದು ವೈಸ್ ಎಂಬ ಇನ್ನೊಬ್ಬ ವಿದ್ವಾಂಸರೊಡನೆ ಜಗಳವಾಯಿತು. ಜೀವಮಾನವೆಲ್ಲ ಕಟ್ಟಿದ ಮನೆ ಬಿದ್ದುಹೋಗಿ, ಮನೆ ಕಟ್ಟಲು ಮಾಡಿಕೊಂಡ ಏಣಿ ಮಾತ್ರ ಉಳಿದಂತಾಯಿತು. ಆ ಏಣಿಯ ಹತ್ತು ಮೆಟ್ಟಿಲುಗಳೇ ಈ ಹತ್ತು ಖನಿಜಗಳು.

1826ರಲ್ಲಿ ಮೋಸ್ ಮತ್ತೆ ವಿಯೆನ್ನಾಕ್ಕೆ ಹೋಗಿ ಅಲ್ಲಿ ಪಾಠ ಹೇಳಿದರು. 1835ರ ಹೊತ್ತಿಗೆ ಪಾಠ ಬಿಟ್ಟು ಸರಕಾರದ ಗಣಿ ಇಲಾಖೆಯ ಕೆಲಸಕ್ಕೆ ಸೇರಿದರು. ವಯಸ್ಸು ಅರವತ್ತು ದಾಟಿದರೂ ಕಲ್ಲು ಹುಡುಕುತ್ತ ತಿರುಗುವುದು ನಿಲ್ಲಲಿಲ್ಲ. 1839ರಲ್ಲಿ ಇಟಲಿಯ ಜ್ವಾಲಾಮುಖಿಗಳನ್ನು ನೋಡಲೆಂದು ಹೊರಟವರು ದಾರಿಯಲ್ಲಿ ಆಲ್ಪ್ಸ್ ಪರ್ವತದ ತಪ್ಪಲಿನ ಅಗೋರ್ಡೊ ಎಂಬ ಊರಿನಲ್ಲಿ ಕಾಯಿಲೆಯಾಗಿ ಸೆಪ್ಟೆಂಬರ್ 29ರಂದು ತೀರಿಕೊಂಡರು. ಅದೂ ಗಣಿಗಳ ಊರೇ. ಜ್ವಾಲಾಮುಖಿ ನೋಡುವ ಆಸೆ ಹಾಗೆಯೇ ಉಳಿಯಿತು.

ಈಗ ನಿಮ್ಮ ಮಣಿಗಳಿಗೆ ಮರಳೋಣ. ಮೋಸ್ ಮಾಡಿದಂತೆ ನೀವೂ ಒಂದು ಸಾಲು ಕಟ್ಟಬಹುದು. ಗಾಜಿನ ಮಣಿ, ಪ್ಲಾಸ್ಟಿಕ್ ಮಣಿ, ಮರದ ಮಣಿ, ಸಮುದ್ರದ ಚಿಪ್ಪಿನ ಮಣಿ, ಸಿಕ್ಕರೆ ಒಂದು ಕಲ್ಲಿನ ಮಣಿ ಕೂಡಿಸಿಕೊಳ್ಳಿ. ಮನೆಯವರ ಒಡವೆಗಳ ಮೇಲೆ ಮಾತ್ರ ಪ್ರಯೋಗ ಬೇಡ! ಮೊದಲು ಉಗುರಿನಿಂದ, ಆಮೇಲೆ ತಾಮ್ರದ ತಂತಿಯ ತುದಿಯಿಂದ, ಆಮೇಲೆ ಕಬ್ಬಿಣದ ಮೊಳೆಯಿಂದ, ಕೊನೆಗೆ ಬೆಣಚುಕಲ್ಲಿನ ಚೂಪು ತುದಿಯಿಂದ ಪ್ರತಿ ಮಣಿಯನ್ನೂ ಮೆಲ್ಲಗೆ ಗೀರಿ. ಮಣಿಯನ್ನು ಬೆರಳಲ್ಲಿ ಹಿಡಿಯದೆ ಮೇಣದಲ್ಲೋ ಜೇಡಿಮಣ್ಣಿನಲ್ಲೋ ಒತ್ತಿ ಇಟ್ಟುಕೊಂಡರೆ ಕೈಗೆ ಗಾಯವಾಗುವುದಿಲ್ಲ. ಗೀರು ಕಂಡ ಕೂಡಲೇ ನಂಬಬೇಡಿ. ಒದ್ದೆ ಬೆರಳಿನಿಂದ ಒರೆಸಿ ನೋಡಿ. ಅಳಿಸಿಹೋದರೆ ಅದು ಗೀರಲ್ಲ, ಮೊಳೆಯೇ ಸವೆದು ಮಣಿಯ ಮೇಲೆ ಬಿಟ್ಟ ಪುಡಿ! ಸೋತದ್ದು ಮಣಿಯಲ್ಲ, ಮೊಳೆ.

ಇದು ಗಡಸುತನದ ಪರೀಕ್ಷೆ. ಸವೆತದ ಪರೀಕ್ಷೆ ಬೇರೆಯೇ ಇದೆ. ಮುಚ್ಚಳವಿರುವ ಒಂದು ಡಬ್ಬಿಗೆ ಎರಡು ಹಿಡಿ ಹೊಳೆ ಮರಳು, ಮರಳು ಮುಳುಗುವಷ್ಟು ನೀರು ಹಾಕಿ. ಪ್ರತಿ ಬಗೆಯ ಐದೈದು ಮಣಿ ಹಾಕಿ ಮುಚ್ಚಿ. ತರಗತಿಯ ಎಲ್ಲರೂ ಸರದಿಯ ಮೇಲೆ 1000 ಸಲ ಅಲ್ಲಾಡಿಸಿ. ನೀರು ಹಾಕುವುದು ಧೂಳು ಏಳದಿರಲಿ ಎಂದು. ಆಮೇಲೆ ತೊಳೆದು, ಒಣಗಿಸಿ, ಡಬ್ಬಿಗೆ ಹಾಕದೆ ಎತ್ತಿಟ್ಟ ಮಣಿಗಳ ಪಕ್ಕ ಇಟ್ಟು ನೋಡಿ. ಯಾವುದರ ಹೊಳಪು ಹೋಯಿತು? ಯಾವುದರ ಬಣ್ಣ ಹೋಯಿತು? ಬಣ್ಣ ಗಾಜಿನೊಳಗೇ ಬೆರೆತಿದ್ದರೆ ಮೇಲ್ಮೈ ಮಂಕಾದರೂ ಬಣ್ಣ ಉಳಿಯುತ್ತದೆ. ಮೇಲೆ ಬಳಿದಿದ್ದರೆ ಒಳಗಿನ ಬಿಳಿ ಕಾಣತೊಡಗುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ತರಹ ಮಿಂಚುತ್ತಿದ್ದವು!

ನೀವು ಗೀರಿ ಕಟ್ಟಿದ ಸಾಲೂ ಡಬ್ಬಿ ಕೊಟ್ಟ ಸಾಲೂ ಒಂದೇ ಆಗಬೇಕೆಂದಿಲ್ಲ. ಕೆಲವು ಮೆದು ವಸ್ತುಗಳು ಮರಳಿನ ಏಟನ್ನು ತಗ್ಗಿ ಬಗ್ಗಿ ತಾಳಿಕೊಳ್ಳುತ್ತವೆ. ಸೈಕಲ್ಲಿನ ಟಯರು ರಸ್ತೆಗಿಂತ ಎಷ್ಟೋ ಮೆದು, ಆದರೂ ವರ್ಷಗಟ್ಟಲೆ ಓಡುವುದಿಲ್ಲವೇ? ಎರಡು ಸಾಲುಗಳೂ ಎಲ್ಲಿ ಬೇರೆಯಾದವು ಎಂದು ಬರೆದಿಟ್ಟುಕೊಂಡು ನಿಮ್ಮ ಮೇಷ್ಟ್ರ ಜತೆಗೋ ಟೀಚರ್ ಜತೆಗೋ ಮಾತಾಡಿ.

ಇಷ್ಟರಲ್ಲಿ ನಿಮ್ಮ ಉಂಗುರ ಹರಿದುಹೋಗಿದ್ದರೆ, ಹರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಮಣಿ ಒಡೆದಿರುವುದು ಅಪರೂಪ. ದಾರ ತುಂಡಾಗಿರುತ್ತದೆ, ಅದೂ ಹೆಚ್ಚಾಗಿ ಮಣಿಯ ತೂತಿನ ಬಾಯಿಯ ಹತ್ತಿರ. ಗಾಜಿನ ತೂತಿನ ಅಂಚು ಚೂಪಾಗಿದ್ದರೆ, ಕೈ ಆಡಿದಾಗಲೆಲ್ಲ ಅದು ಮೆದುವಾದ ನೈಲಾನನ್ನು ಅರದಂತೆ ಉಜ್ಜುತ್ತಲೇ ಇರುತ್ತದೆ. ಮುಂದಿನ ಉಂಗುರಕ್ಕೆ ಮಣಿ ಆರಿಸುವಾಗ ತೂತಿನ ಬಾಯಿಗೆ ಒಂದು ತುಂಡು ದಾರ ತೂರಿಸಿ, ಹತ್ತು ಸಲ ಹಿಂದೆ ಮುಂದೆ ಎಳೆದು ನೋಡಿ. ದಾರದ ಮೇಲೆ ಎಳೆ ಎದ್ದರೆ ಆ ಮಣಿ ಬೇಡ.